ಚಿಮಣಿ ಎಣ್ಣೆಗೆ ತಿರುವುವ ಮೊದಲು

ಲಿಂಗಂಪಲ್ಲಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಟ್ರ್ಯಾಕ್ಟರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಈಚೆ ಕಡೆ ಒಲೆಯ ಮಸಿ, ಆಚೆ ಕಡೆ ಎಣ್ಣೆಯ ಜಿಡ್ಡು. ಟ್ರ್ಯಾಕ್ಟರು ಶುರುವಾದರೆ ಹಲಗೆಯ ಮೇಲಿನ ಹಿತ್ತಾಳೆ ಚರಿಗೆ, ಸ್ಟೀಲಿನ ತಾಟು, ಉಪ್ಪಿನಕಾಯಿ ಭರಣಿ ಎಲ್ಲ ಸಣ್ಣಗೆ ನಡುಗುತ್ತ ಅಂಚಿನ ಕಡೆ ಸರಿಯುತ್ತಿದ್ದವು. ಅವನ್ನು ಮತ್ತೆ ಹಿಂದಕ್ಕೆ ತಳ್ಳುವುದು ನನ್ನ ಪಾಲಿನ ಕೆಲಸ. ಆ ಮನೆಯಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯಿಂದ ಹಿಡಿದು ದೇವರ ಫೋಟೋದ ಗಾಜಿನವರೆಗೆ ಎಲ್ಲದರ ಮೇಲೂ ಜೋಳದ ಹಿಟ್ಟಿನ ತೆಳುವಾದ ಪದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ತೆಲುಗು ಹುಡುಗಿ ನನ್ನ ಜಡೆ ಮೂಸಿ ನೋಡಿ, ನಿನ್ನ ತಲೆಯಲ್ಲಿ ಪಿಂಡಿ ವಾಸನೆ, ಹಿಟ್ಟಿನ ವಾಸನೆ ಎಂದು ನಗುತ್ತಿದ್ದಳು. ನನಗದು ಅವಮಾನ ಅನ್ನಿಸುತ್ತಿರಲಿಲ್ಲ. ನಮ್ಮ ಮನೆಯ ವಾಸನೆಯೇ ಅದು: ಹಿಟ್ಟು, ಚಿಮಣಿ ಎಣ್ಣೆ, ಬಿಸಿ ಕಬ್ಬಿಣ, ಹಂಚಿನ ಮೇಲಿನ ರೊಟ್ಟಿ. ಈಗ ಆ ಜಾಗದಲ್ಲಿ ಫ್ಲ್ಯಾಟುಗಳೆದ್ದಿವೆ. ಅದರ ಮುಂದಿನಿಂದ ಆಟೋದಲ್ಲಿ ಹಾದುಹೋಗುವಾಗ ನಾನು ಈಗಲೂ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ.

ಟ್ರ್ಯಾಕ್ಟರು ನಮ್ಮದಲ್ಲ, ನೀಲಮ್ಮತ್ತೆಯದು. ಅಪ್ಪನ ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಸೊಂಟದ ಮೇಲೆ ಹೊತ್ತು, ಅನ್ನ ಮಿದ್ದು ಉಣ್ಣಿಸಿ ಬೆಳೆಸಿದವಳು ಆಕೆ. ಅತ್ತೆಯನ್ನು ಇಂಡಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಆಕೆಯ ಗಂಡ ಹಳೆಯ ಟ್ರ್ಯಾಕ್ಟರೊಂದನ್ನು ಯಾವುದೋ ದ್ರಾಕ್ಷಿ ತೋಟದ ಮಾಲೀಕರಿಂದ ಕೊಂಡು, ಊರೂರು ತಿರುಗಿ ಹೊಲ ಹರಗಿ, ಜೋಳದ ರಾಶಿ ಮಾಡಿಕೊಡುತ್ತಿದ್ದರು. ಮಕ್ಕಳಾಗಲಿಲ್ಲ. ಗಂಡನ ಹಿಂದೆಯೇ ಓಡಾಡುತ್ತ ಅತ್ತೆ ಆ ಯಂತ್ರವನ್ನು ನಡೆಸುವುದು, ಬಿಚ್ಚುವುದು, ಕೂಡಿಸುವುದು ಎಲ್ಲ ಕಲಿತಳು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಮೈದುನರು ಹೊಲ ಇಟ್ಟುಕೊಂಡು, ಈ ಹಳೇ ಕಬ್ಬಿಣ ನೀನೇ ಒಯ್ಯಿ ಅಂದರು. ಅತ್ತೆ ಅದನ್ನು ಲಾರಿಗೆ ಹೇರಿಸಿ, ತಾನೂ ಡ್ರೈವರನ ಪಕ್ಕ ಕೂತು ತಮ್ಮನ ಮನೆಗೆ ಬಂದಿಳಿದಳು. ಆಗ ಅಪ್ಪ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಮಾಲು ಕಳಿಸುವ ವಿಭಾಗದಲ್ಲಿದ್ದ. ಅಕ್ಕ ಬಂದಳೆಂದು ಅವನಿಗೆ ಎಷ್ಟು ಸಂತೋಷವಾಯಿತೆಂದರೆ ರಜೆ ಹಾಕಿ, ಅಡುಗೆಮನೆಯ ಗೋಡೆಗೆ ಆನಿಸಿ ತಾನೇ ತಗಡಿನ ಶೆಡ್ಡು ಕಟ್ಟಿದನೆಂದು ಅವ್ವ ಹೇಳುತ್ತಿದ್ದಳು.

ಈಗಿನ ಟ್ರ್ಯಾಕ್ಟರು ನೋಡಿದವರಿಗೆ ಅದರ ರೂಪ ಹೇಳುವುದು ಕಷ್ಟ. ಎರಡೇ ಸಿಲಿಂಡರು, ಅವೂ ನೆಟ್ಟಗೆ ನಿಂತವಲ್ಲ, ಜೋಡೆತ್ತಿನಂತೆ ಪಕ್ಕಪಕ್ಕ ಅಡ್ಡ ಮಲಗಿದವು. ಎಡಗಡೆ ಬಯಲಲ್ಲೇ ತಿರುಗುವ ದೊಡ್ಡ ಫ್ಲೈವೀಲು. ಅತ್ತೆ ಅದನ್ನು ಚಕ್ರ ಅನ್ನುತ್ತಿದ್ದಳು. ಬಲಗಡೆ ಪಟ್ಟಾ ಹಾಕುವ ರಾಟೆ. ಕ್ಲಚ್ಚು ಕಾಲಿಗಿಲ್ಲ, ಕೈಗೆ ಸಿಗುವ ಉದ್ದನೆಯ ಹಿಡಿ. ಬ್ಯಾಟರಿ ಇಲ್ಲ, ಕೀಲಿ ಇಲ್ಲ. ಕಿಡಿ ಹುಟ್ಟಿಸಲಿಕ್ಕೆ ಮ್ಯಾಗ್ನೆಟೊ ಎಂಬ ಸಣ್ಣ ಡಬ್ಬಿ. ನೀರು ತಿರುಗಿಸುವ ಪಂಪೂ ಇಲ್ಲ. ಕಾದ ನೀರು ತಾನಾಗಿ ಮೇಲೇರಿ ರೇಡಿಯೇಟರಿನಲ್ಲಿ ತಣ್ಣಗಾಗಿ ಕೆಳಗಿಳಿಯುತ್ತಿತ್ತು. ಕೂರಲು ತೂತು ತೂತಿನ ಕಬ್ಬಿಣದ ತಟ್ಟೆ. ಎಲ್ಲಕ್ಕಿಂತ ವಿಶೇಷವೆಂದರೆ ಅದಕ್ಕೆ ಎರಡು ಟಾಕಿ: ಸಣ್ಣದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಶುರು ಮಾಡುವುದು ಪೆಟ್ರೋಲಿನಲ್ಲಿ, ದುಡಿಸುವುದು ಚಿಮಣಿ ಎಣ್ಣೆಯಲ್ಲಿ. ನಡುವೆ ಒಂದು ನಳ. ಅದನ್ನು ಯಾವಾಗ ತಿರುವಬೇಕು ಎನ್ನುವುದರ ಮೇಲೆ ಆ ಯಂತ್ರದ ಆಯುಷ್ಯವೆಲ್ಲ ನಿಂತಿತ್ತು.

ಬೆಳಿಗ್ಗೆ ಅತ್ತೆ ಸೀರೆಯ ಕಚ್ಚೆ ಬಿಗಿದು, ಸಿಲಿಂಡರಿನ ಪಕ್ಕದ ಸಣ್ಣ ನಳಗಳನ್ನು ಬಿಚ್ಚುತ್ತಿದ್ದಳು, ಒಳಗಿನ ಗಾಳಿ ಹೊರಬಂದು ಚಕ್ರ ಹಗುರವಾಗಲೆಂದು. ಆಮೇಲೆ ಚಕ್ರದ ಅಂಚನ್ನು ಎರಡೂ ಕೈಯಿಂದ ಹಿಡಿದು ಒಂದೇ ಎಳೆತಕ್ಕೆ ಎಳೆದರೆ ಒಳಗೆಲ್ಲೋ ಟಕ್ ಎನ್ನುವ ಸದ್ದು, ಫುಸ್ಸೆಂದು ನಳಗಳಿಂದ ಹೊಗೆ, ಮರುಗಳಿಗೆಗೆ ಡಬ್, ಡಬ್ ಎಂದು ಗೋಡೆ ನಡುಗುತ್ತಿತ್ತು. ನಳ ಮುಚ್ಚಿ, ಎಂಜಿನ್ನು ಬೇಗ ಕಾಯಲೆಂದು ರೇಡಿಯೇಟರಿನ ಮುಂದೆ ಗೋಣಿಯ ಪರದೆ ಇಳಿಸಿ, ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಆಕೆಯ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರೂ ಏಳುತ್ತಿರಲಿಲ್ಲ. ಒಂದು ದಿನ ನನ್ನ ಕೈ ಹಿಡಿದು ಎಂಜಿನ್ನಿನ ಮೇಲಿನ ಪೈಪಿನ ಹತ್ತಿರ ಒಯ್ದಳು.

“ಸಾವಿ, ಇದರ ಮ್ಯಾಲೆ ಕೈ ಇಡು. ಹೆಂಗೈತಿ?”

“ಬೆಚ್ಚಗೈತಿ.”

“ಬೆಚ್ಚಗ ಇದ್ರ ಸಾಲಂಗಿಲ್ಲ. ಇಟ್ಟ ಕೈ ತಾನಽ ಹಿಂದ ಬರಬೇಕು. ಅಲ್ಲೀತನ ಪೆಟ್ರೋಲು. ಅದಕ್ಕಿಂತ ಮೊದಲ ಚಿಮಣಿ ಎಣ್ಣಿಗೆ ತಿರುವಿದ್ರ ಅದು ಸುಡಂಗಿಲ್ಲ, ಹಸೀದಽ ಇಳಿದು ಕೆಳಗಿನ ಎಂಜಿನ್ ಎಣ್ಣಿ ತೆಳ್ಳಗ ಮಾಡತೈತಿ. ಮ್ಯಾಲೆ ನೋಡಿದ್ರ ಏನೂ ಗೊತ್ತಾಗಂಗಿಲ್ಲ. ಒಳಗ ಸವೀತಿರತೈತಿ.”

ಟ್ರ್ಯಾಕ್ಟರಿನ ರಾಟೆಗೆ ಅಗಲವಾದ ಪಟ್ಟಾ ಹಾಕಿ ಅತ್ತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ನಮ್ಮ ಓಣಿಗೆ ಆಗ ಗಿರಣಿ ತಿರುಗಿಸುವಷ್ಟು ಕರೆಂಟು ಬಂದಿರಲಿಲ್ಲ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ರೈಲು ಹಳಿಯ ಪಕ್ಕ ಗುಡಿಸಲು ಹಾಕಿಕೊಂಡಿದ್ದ ಹೆಂಗಸರಿಗೆ ಅನ್ನ ಸೇರುತ್ತಿರಲಿಲ್ಲ, ಜೋಳ ತರುತ್ತಿದ್ದರು. ಹಿಟ್ಟು ಬಿಸಿಯಾಗಿ ಬೀಳುವಾಗ ಅದರೊಳಗೆ ಕೈ ಹಾಕಿ, ಊರಿನ ಸುದ್ದಿ ಮಾತಾಡುತ್ತ ನಿಲ್ಲುತ್ತಿದ್ದರು. ಎಳ್ಳಮಾಸಿಯ ದಿನ ಊರಲ್ಲಾದರೆ ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ನಮಗೆ ಹೊಲವೆಲ್ಲಿತ್ತು? ಅವ್ವ ಸೊಪ್ಪು, ಕಾಳುಗಳನ್ನೆಲ್ಲ ಕೂಡಿಸಿ ಭಜ್ಜಿ ಕುದಿಸುತ್ತಿದ್ದಳು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮಾಡುತ್ತಿದ್ದಳು. ಅತ್ತೆ ಟ್ರ್ಯಾಕ್ಟರಿನ ಸುತ್ತ ಎಡೆ ಚೆಲ್ಲಿ ಬರುತ್ತಿದ್ದಳು. ಆಮೇಲೆ ಅದರ ದೊಡ್ಡ ಗಾಲಿಯ ನೆರಳಲ್ಲಿ ಕಂಬಳಿ ಹಾಸಿ, ಅತ್ತೆ, ಅಪ್ಪ, ಅವ್ವ, ನಾನು ಕೂತು ಉಣ್ಣುತ್ತಿದ್ದೆವು. ಅಪ್ಪನ ತಾಟಿಗೆ ಬಡಿಸುವುದು ಆ ದಿನ ಅತ್ತೆಯೇ. “ಇನ್ನೊಂದ್ ರೊಟ್ಟಿ ಹಚ್ಚಿಕೋ ಚನ್ನಾ” ಎಂದು ಬೇಡವೆಂದರೂ ಹಾಕುತ್ತಿದ್ದಳು. ಅಪ್ಪ ಮೀಸೆ ಬಂದ ಗಂಡಸು, ಆ ಹೊತ್ತಿಗೆ ಮಗುವಿನಂತಾಗುತ್ತಿದ್ದ.

ಹೀಗಿದ್ದವರ ನಡುವೆ ಬಿರುಕು ಎಲ್ಲಿಂದ ಬಂತು ಎಂದು ಬಹಳ ಯೋಚಿಸಿದ್ದೇನೆ. ಓಣಿಯವರೆಲ್ಲ ನಮ್ಮ ಮನೆಯನ್ನು ನೀಲಮ್ಮನ ಗಿರಣಿ ಎಂದೇ ಕರೆಯುತ್ತಿದ್ದರು. ಅಪ್ಪನ ಹೆಸರು ಹೇಳಿ ವಿಳಾಸ ಕೇಳಿದ ನೆಂಟರು ಸ್ಟೇಷನ್ನಿನ ಸುತ್ತ ತಿರುಗಿ ತಿರುಗಿ ಸುಸ್ತಾಗಿ ಬಂದದ್ದುಂಟು. “ಟ್ರ್ಯಾಕ್ಟರಮ್ಮನ ತಮ್ಮ ಅಂತ ಕೇಳ್ಬೇಕಿತ್ತ್ರೀ” ಎಂದು ಅಪ್ಪ ನಗುತ್ತಲೇ ಹೇಳಿದ್ದ. ಆದರೆ ಅತ್ತೆ ಚಕ್ರ ಎಳೆಯುವಾಗ ಅವನು ಎದುರಿಗೆ ನಿಂತು ನೋಡಿದ್ದನ್ನು ನಾನು ಕಂಡಿಲ್ಲ. ಸೈಕಲ್ಲು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಒಂದೆರಡು ಸಲ ತಾನು ಶುರು ಮಾಡುತ್ತೇನೆಂದು ಬಂದಾಗ ಅತ್ತೆ, “ಬ್ಯಾಡೋ ಚನ್ನಾ, ಹಿಂದಕ್ಕ ಒದ್ದರ ಕೈ ಮುರೀತೈತಿ” ಎಂದು ಸರಿಸಿಬಿಟ್ಟಳು. ಆಕೆಗೆ ಅವನು ಇನ್ನೂ ಸೊಂಟದ ಮೇಲಿನ ಕೂಸು.

ಒಂದು ಬೇಸಿಗೆಯಲ್ಲಿ ಇಂಡಿಯಿಂದ ಸುದ್ದಿ ಬಂತು. ಅತ್ತೆಯ ಗಂಡನ ತಾಯಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ, ನೀಲಮ್ಮನನ್ನೇ ಕೇಳುತ್ತಿದ್ದಾಳೆ. ಹೊಲ ಇಟ್ಟುಕೊಂಡ ಮೈದುನರ ಮೇಲೆ ಸಿಟ್ಟಿದ್ದರೂ ಆ ಮುದುಕಿಯ ಮೇಲೆ ಅತ್ತೆಗೆ ಜೀವ. ಮರುದಿನವೇ ಹೊರಟಳು. ಹೋಗುವ ಮುನ್ನ ಅಪ್ಪನನ್ನು ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿ ಎಲ್ಲ ತೋರಿಸಿಕೊಟ್ಟಳು. ಹೆಬ್ಬೆರಳು ಚಕ್ರದ ಒಳಗೆ ಸುತ್ತಬಾರದು, ಪೈಪಿಗೆ ಕೈ ಇಟ್ಟು ನೋಡಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುವಬೇಕು. ಅಪ್ಪ ಎಲ್ಲಕ್ಕೂ ಹೂಂ ಅಂದ. ಮೊದಲ ದಿನ ಅವನೇ ಚಕ್ರ ಎಳೆದು ಶುರು ಮಾಡಿದಾಗ ಅವನ ಮುಖ ನೋಡಬೇಕಿತ್ತು. ಬೆವರು ಒರೆಸಿಕೊಳ್ಳುತ್ತ ಅವ್ವನನ್ನು, ನನ್ನನ್ನು, ಹೊರಗೆ ನಿಂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಅವನು ಶುರು ಮಾಡಿಕೊಟ್ಟು ಹೋಗುವುದು, ಅವ್ವ ಜೋಳ ಸುರಿದು ಬೀಸುವುದು, ಆದ ಮೇಲೆ ನಿಲ್ಲಿಸುವುದು ಎಂದು ವ್ಯವಸ್ಥೆಯಾಯಿತು.

ಆದರೆ ಕಾರ್ಖಾನೆಯ ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಮೊದಲ ಕೆಲವು ದಿನ ಅಪ್ಪ ಪೈಪಿಗೆ ಕೈ ಇಟ್ಟು ನೋಡಿದ. ಆಮೇಲೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ, ಎಂಜಿನ್ನು ಡಬ್ ಅಂದ ಕೂಡಲೇ ನಳ ತಿರುವಿ, ಬಸ್ಸಿನ ಸ್ಟಾಪಿಗೆಂದು ಸೈಕಲ್ಲು ಹತ್ತತೊಡಗಿದ. ಯಂತ್ರ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆದರೂ ತಿರುಗಿತು. “ಇಷ್ಟು ಲಗೂನ ತಿರುವಬ್ಯಾಡ್ರೀ, ಅಕ್ಕಾರು ಹೇಳಿ ಹೋಗ್ಯಾರ” ಎಂದು ಅವ್ವ ಒಲೆಯ ಮುಂದಿನಿಂದ ಕೂಗಿದ್ದು ನನಗೆ ನೆನಪಿದೆ. “ನಡದೈತಲ್ಲ” ಎಂದು ಅಪ್ಪ ಹೊರಟುಹೋದ. ನಿಜ, ನಡೆದಿತ್ತು. ಮಳೆ ಶುರುವಾಗುವವರೆಗೂ ನಡೆಯಿತು. ಆಮೇಲೊಂದು ಬೆಳಿಗ್ಗೆ ಡಬ್ ಡಬ್ ಸದ್ದಿನ ಒಳಗೆ ಇನ್ನೊಂದು ಸದ್ದು ಸೇರಿಕೊಂಡಿತು, ಸುತ್ತಿಗೆಯಿಂದ ಕಲ್ಲು ಬಡಿದಂತೆ. ಹಲಗೆಯ ಮೇಲಿನ ಚರಿಗೆ ಆ ದಿನ ಬಿದ್ದೇಬಿಟ್ಟಿತು.

ಮುದುಕಿ ತೀರಿಕೊಂಡ ಮೇಲೆ ದಿನಕರ್ಮ ಮುಗಿಸಿ ಅತ್ತೆ ಮರಳಿದಾಗ ಭಾನುವಾರ. ಅಪ್ಪ ಮನೆಯಲ್ಲಿದ್ದ, ಗಿರಣಿ ನಡೆದಿತ್ತು. ಆಕೆ ಓಣಿಯ ತಿರುವಿನಲ್ಲೇ ನಿಂತದ್ದನ್ನು ನಾನು ಬಾಗಿಲಿನಿಂದ ಕಂಡೆ. ತಲೆಯ ಮೇಲೆ ಗಂಟು, ಕೈಯಲ್ಲಿ ಚೀಲ. ಕಿವಿಗೊಟ್ಟು ನಿಂತವಳು ಗಂಟು ಅಲ್ಲೇ ಯಾರದೋ ಕಟ್ಟೆಯ ಮೇಲಿಟ್ಟು ಓಡುತ್ತ ಬಂದಳು. ಚಪ್ಪಲಿ ಕಳಚದೆ ಒಳಹೊಕ್ಕು ಯಂತ್ರ ನಿಲ್ಲಿಸಿದಳು. ಕೆಳಗೆ ಕೂತು ಎಣ್ಣೆಯ ನಳ ಬಿಚ್ಚಿ ಅಂಗೈ ಹಿಡಿದಳು. ಜೇನಿನಂತೆ ಇಳಿಯಬೇಕಾದ ಎಣ್ಣೆ ನೀರಿನಂತೆ ಸುರಿಯಿತು. ಅದರಲ್ಲಿ ಬೆಳ್ಳಿಯ ಪುಡಿಯಂಥದ್ದೇನೋ ಮಿಂಚುತ್ತಿತ್ತು, ಒಳಗಿನ ಬೇರಿಂಗು ಸವೆದು ಬಂದ ಲೋಹ. ಅತ್ತೆ ಬೆರಳು ಮೂಸಿದಳು.

“ಚನ್ನಾ, ಪೈಪ್ ಕಾಯೋದ್ರೊಳಗ ಚಿಮಣಿ ಎಣ್ಣಿಗೆ ತಿರುವಿದ್ದೇನು?”

“ಇಲ್ಲಕ್ಕಾ. ನೀ ಹೇಳಿದಂಗಽ ಮಾಡೇನಿ.”

“ಒಂದ್ ಸಲನೂ ತಿರುವಿಲ್ಲ?”

“ಇಲ್ಲ ಅಂದೆನಲ್ಲ. ಹಳೇ ಮಷಿನ್ನು. ಅದರ ಆಯುಷ್ಯ ಮುಗಿದೈತಿ, ನಾ ಏನ್ ಮಾಡ್ಲಿ?”

ಅತ್ತೆ ಅವ್ವನ ಕಡೆ ನೋಡಿದಳು. ಅವ್ವ ತಲೆ ತಗ್ಗಿಸಿ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೊನೆಗೆ, “ಸಾವಿ ದಿನಾ ಇಲ್ಲೇ ಇರತಿತ್ತು...” ಎಂದು ನನ್ನ ಕಡೆ ತಿರುಗಿದಳು. ಅತ್ತೆ ಎಣ್ಣೆಯ ಕೈ ಎತ್ತಿ ತಡೆದಳು.

“ಕೂಸಿನ್ನ ನಡುವ ತರಬ್ಯಾಡವ್ವ. ನಾ ಅವನ್ನ ಕೇಳಾಕತ್ತೀನಿ.”

ಅಪ್ಪ ಅಂಗಳಕ್ಕೆ ಹೋದ. ಯಂತ್ರ ಕೆಟ್ಟದ್ದಕ್ಕೆ ಅತ್ತೆ ಅಳಲಿಲ್ಲ, ಬೈಯಲಿಲ್ಲ. ಕೆಟ್ಟ ಯಂತ್ರಗಳನ್ನು ಆಕೆ ಗಂಡನ ಜೊತೆ ಎಷ್ಟೋ ಸಲ ಕೂಡಿಸಿದವಳು. ಹೂಂ ಅಕ್ಕಾ, ಅವಸರದಾಗ ತಪ್ಪಾತು ಎಂದಿದ್ದರೆ ಆ ದಿನವೇ ಪಾನಾ ಹಿಡಿದು ಬಿಚ್ಚಲು ಕೂರುತ್ತಿದ್ದಳು, ಅಪ್ಪನನ್ನೂ ಪಕ್ಕ ಕೂರಿಸಿಕೊಳ್ಳುತ್ತಿದ್ದಳು. ಅದು ನನಗೆ ಈಗ ಖಾತ್ರಿಯಾಗಿ ಗೊತ್ತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಜಗಳಾಡಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು. ಕೆಲವೇ ತಿಂಗಳಲ್ಲಿ ಓಣಿಗೆ ಹೊಸ ಕಂಬಗಳು ಬಂದು, ಅಪ್ಪ ಗಿರಣಿಗೆ ಕರೆಂಟಿನ ಮೋಟಾರು ಕೂಡಿಸಿದ. ಗುಂಡಿ ಒತ್ತಿದರೆ ತಿರುಗುವ ಗಿರಣಿಗೆ ಅತ್ತೆಯ ಅಗತ್ಯವಿರಲಿಲ್ಲ. ಅವ್ವ ಆಕೆಗೆ ಮೊದಲು ಚಹಾ ಕೊಡತೊಡಗಿದಳು, ಒಳ್ಳೆಯ ತಾಟಿನಲ್ಲಿ ಬಡಿಸತೊಡಗಿದಳು. ಬಂದ ನೆಂಟರಿಗೆ ಬಡಿಸುವ ಹಾಗೆ. ಅತ್ತೆ ತುತ್ತು ಕೈಯಲ್ಲಿ ಹಿಡಿದು ಆ ತಾಟನ್ನೇ ನೋಡುತ್ತಿದ್ದಳು. ಟ್ರ್ಯಾಕ್ಟರಿನ ಮೇಲೆ ತಾಡಪತ್ರಿ ಹೊದಿಸಿ, ಹೊಗೆ ಕೊಳವೆಗೆ ಮಳೆನೀರು ಹೋಗದಂತೆ ಡಬ್ಬಿ ಮುಚ್ಚಿದಳು. ಎಳ್ಳಮಾಸಿ ಬರುವ ಮೊದಲೇ, ಮುದುಕಿ ತನ್ನ ಹೆಸರಿಗೆ ಬಿಟ್ಟ ಒಂದು ಕೋಣೆ ಹಾಳು ಬಿದ್ದಿದೆ, ದೀಪ ಹಚ್ಚಬೇಕು ಎಂದು ಹೇಳಿ ಇಂಡಿಗೆ ಹೊರಟುಹೋದಳು. ತಿರುಗಿ ಬರುತ್ತಾಳೆಂದೇ ನಾವು ತಿಳಿದಿದ್ದೆವು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಪ್ಪ ಒಂದು ಭಾನುವಾರ ತಾಡಪತ್ರಿ ಸರಿಸಿದ. ಜೀಡಿಮೆಟ್ಲಾದಲ್ಲಿ ಹಳೆಯ ಎಂಜಿನ್ನು ಕೂಡಿಸುತ್ತಿದ್ದ ಯೂಸುಫ್ ಮಿಸ್ತ್ರಿಯನ್ನು ಕರೆತಂದ. ಅಂಥ ಬೇರಿಂಗು ಎಲ್ಲೂ ಸಿಗುವಂತಿರಲಿಲ್ಲ; ಮಿಸ್ತ್ರಿ ಲೋಹ ಕರಗಿಸಿ ಹೊಯ್ದು, ಶಾಫ್ಟಿಗೆ ಹೊಂದುವಂತೆ ಕೆರೆದು ಕೆರೆದು ಕೂಡಿಸಿದರು. ಅಪ್ಪ ಪ್ರತಿ ರಜೆಯನ್ನೂ ಅವರ ಪಕ್ಕ ಕೂತೇ ಕಳೆದ, ಬೋಲ್ಟುಗಳನ್ನು ಒಂದೊಂದಾಗಿ ಒರೆಸಿದ. ಯಂತ್ರ ಮತ್ತೆ ಡಬ್ ಅಂದ ದಿನ ಇಂಡಿಗೆ ಫೋನು ಮಾಡಿಸಿದ. “ಅಕ್ಕಾ, ಒಂದ್ ಸಲ ಬಂದು ಕೇಳಿ ಹೋಗು.”

ಅತ್ತೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಕ್ರ ಎಳೆಯಲು ಅಪ್ಪ ಮುಂದಾದರೂ ಬೇಡವೆಂದು ತಾನೇ ಎಳೆದಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಪೈಪಿಗೆ ಕೈ ಇಟ್ಟಳು, ಕೈ ಹಿಂದೆ ಬಂದ ಮೇಲೆ ನಳ ತಿರುವಿದಳು.

“ಛಲೋ ಕೂಡಿಸ್ಯಾನ ಮಿಸ್ತ್ರಿ.”

“ಈಗ ಎಲ್ಲಾ ಸರಿ ಆತಲ್ಲಕ್ಕಾ” ಅಂದ ಅಪ್ಪ.

“ಎಂಜಿನ್ ಸರಿ ಆಗೈತಿ” ಅಂದಳು ಅತ್ತೆ. ಹಾಗೆಂದು ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಅವನು ಮಿಸ್ತ್ರಿ ಲೋಹ ಎಲ್ಲಿಂದ ತಂದ, ಹೇಗೆ ಹೊಯ್ದ ಎಂದು ವಿವರಿಸಲು ಶುರು ಮಾಡಿದ. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದ. ಅತ್ತೆ ಯಂತ್ರ ನಿಲ್ಲಿಸಿದಳು. ಸದ್ದು ನಿಂತ ಮೇಲೆ ಅವನ ಮಾತೂ ನಿಂತಿತು. ಊಟಕ್ಕೆ ಅವ್ವ ಪುಂಡಿ ಪಲ್ಯ, ರೊಟ್ಟಿ ಮಾಡಿದ್ದಳು. ಅತ್ತೆ ಹೊಟ್ಟೆ ತುಂಬ ಉಂಡು, ಸಂಜೆಯ ಸೊಲ್ಲಾಪುರದ ರೈಲಿಗೆ ಹೋಗುತ್ತೇನೆಂದಳು. ಇರು ಎಂದು ಅಪ್ಪ ಅನ್ನುತ್ತಾನೆಂದು ನಾನು ಕಾಯ್ದೆ. ಅವನು ಆಕೆಯ ಚೀಲ ಎತ್ತಿಕೊಂಡ.

ರೈಲು ಹೋದ ಮೇಲೆ ಅಪ್ಪ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟ. ಲೋಕಲ್ ರೈಲಿನ ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು.

“ನಾನಽ ತಿರುವಿದ್ದೆ ಸಾವಿ” ಅಂದ. “ದಿನಾ ತಿರುವಿದ್ದೆ. ಬಸ್ಸು ತಪ್ಪತೈತಿ ಅಂತ.”

“ನನಗ ಗೊತ್ತೈತಪ್ಪ. ಅತ್ತಿಗೆ ಹೇಳಬೇಕಿತ್ತು.”

“ಆಕಿಗೂ ಗೊತ್ತೈತಿ.”

“ಗೊತ್ತಿದ್ರೂ ನೀ ಹೇಳಬೇಕಿತ್ತು.”

“ಬಾಯಿಗೆ ಬಂದಿತ್ತು. ಆಕಿ ಹಂಗ ನೋಡ್ಕೋತ ನಿಂತ್ಲಲ್ಲ, ಮತ್ತ ನಾ ಸಣ್ಣಾವ ಆಗಿಬಿಟ್ಟೆ” ಎಂದು ಮುಖ ಒರೆಸಿಕೊಂಡ.

ಮುಂದಿನ ರಜೆಯಲ್ಲಿ ನಾನೊಬ್ಬಳೇ ಇಂಡಿಗೆ ಹೋದೆ. ಅತ್ತೆಯ ಕೋಣೆ ಸಣ್ಣದು, ಸುಣ್ಣ ಬಳಿದು ಚೊಕ್ಕವಾಗಿತ್ತು. ಊರವರ ನೀರಿನ ಪಂಪು, ಔಷಧಿ ಹೊಡೆಯುವ ಯಂತ್ರ ಕೆಟ್ಟರೆ ಆಕೆಯ ಬಾಗಿಲಿಗೆ ತರುತ್ತಿದ್ದರು. ನಾನು ತಡೆಯಲಾರದೆ, ಅಪ್ಪ ಸ್ಟೇಷನ್ನಿನಲ್ಲಿ ಆಡಿದ್ದನ್ನೆಲ್ಲ ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

“ಹೇಳಿ ಬಾ ಅಂತ ನಿಮ್ಮಪ್ಪ ಕಳಿಸ್ಯಾನೇನು?”

“ಇಲ್ಲ ಅತ್ತಿ.”

“ಹಂಗಾದ್ರ ನಾ ಏನೂ ಕೇಳಿಲ್ಲ” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸಿಟ್ಟಿನಿಂದ ಹೇಳಲಿಲ್ಲ. ಆ ಮಾತನ್ನು ತಮ್ಮನಿಗಾಗಿ ಹಾಗೇ ತೆಗೆದಿಡುವಂತೆ ಹೇಳಿದಳು. ಬರುವಾಗ ಅವನಿಗೆಂದು ಶೇಂಗಾ ಹಿಂಡಿ, ಕಡಕ್ ರೊಟ್ಟಿ ಕಟ್ಟಿಕೊಟ್ಟಳು. ನಾನು ಮರಳಿ ಬಂದು ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ದೀಪಾವಳಿಗೆ ಹೋಗೋಣ ಅಂದ. ದೀಪಾವಳಿಯಾದ ಮೇಲೆ, ಚಳಿ ಮುಗಿಯಲಿ ಅಂದ. ಹೀಗೆ ಹಬ್ಬಗಳು ದಾಟಿದವು, ನನ್ನ ಮದುವೆಯಾಯಿತು. ಮದುವೆಗೆ ಅತ್ತೆ ಬಂದಳು, ಅಪ್ಪ ಆಕೆಯ ಕಾಲಿಗೆ ಬಿದ್ದ. ಆದರೆ ಮದುವೆಯ ಮನೆಯಲ್ಲಿ ಎಲ್ಲರೂ ಎಲ್ಲರ ಕಾಲಿಗೂ ಬೀಳುತ್ತಾರೆ. ಮನೆಯ ಜಾಗವನ್ನು ಫ್ಲ್ಯಾಟು ಕಟ್ಟುವವರಿಗೆ ಕೊಟ್ಟಾಗ, ಹಳೆಯ ಯಂತ್ರಗಳನ್ನು ಕೂಡಿಡುವ ಯಾರೋ ಒಬ್ಬರು ಬಂದು ಟ್ರ್ಯಾಕ್ಟರನ್ನು ಒಯ್ದರು. ಅತ್ತೆಯನ್ನು ಕೇಳಿದಾಗ, ಕೊಡು ಎಂದಷ್ಟೇ ಹೇಳಿದಳಂತೆ.

ಅತ್ತೆ ಹೋದ ಸುದ್ದಿ ಬಂದಾಗ ಅಪ್ಪ ನಿವೃತ್ತನಾಗಿದ್ದ. ಅವನಿಗೆ ಸಂಧಿವಾತ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಕೂತಿದ್ದ. ನಾವು ಮುಟ್ಟುವ ಹೊತ್ತಿಗೆ ಅತ್ತೆಯನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂ ಹಾಕಿದ್ದರು. ಭಜನೆ ನಡೆದಿತ್ತು. ಅಪ್ಪ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಮೊಣಕಾಲು ಮಡಿಸಲಾರದೆ ಮಡಿಸಿ ಕೂತು, ಅಕ್ಕನ ಕಿವಿಯ ಹತ್ತಿರ ಬಾಯಿ ಒಯ್ದ.

“ನಾನಽ ಅಕ್ಕಾ” ಅಂದ. “ನಾನಽ. ನಾನಽ ಅಕ್ಕಾ.”

ಸುತ್ತ ಕೂತ ಹೆಂಗಸರು ಅದನ್ನು ಕೇಳಿ ಗೊಳೋ ಎಂದು ಅಳತೊಡಗಿದರು. “ಕಣ್ ಬಿಡಬೇ ನೀಲಮ್ಮಾ, ನಿನ್ನ ತಮ್ಮ ಬಂದು ಕರಿಯಾಕತ್ತಾನ ನೋಡಬೇ” ಎಂದು ಒಬ್ಬಳು ಹಾಡಿಕೊಂಡು ಅತ್ತಳು. ಅಪ್ಪ ಇನ್ನೂ ಅದನ್ನೇ ಅನ್ನುತ್ತಿದ್ದ. ಅವನು ಏನನ್ನು ಒಪ್ಪಿಕೊಳ್ಳುತ್ತಿದ್ದಾನೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೊನೆಗೆ ಊರಿನ ಹಿರಿಯರೊಬ್ಬರು ಬಂದು ಅವನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದರು.

“ಸಾಕು ಏಳ್ರಿ ಚನ್ನಪ್ಪ. ನೀವು ಬಂದಿದ್ದು ಆಕಿಗೆ ಗೊತ್ತಾಗೈತಿ.”